ಟವೆಲ್ಲಿನ ಕೆಳಗಿನ ಕೈ

ನಮ್ಮಪ್ಪ ಹೊಳಬಸಪ್ಪ ಯಾರನ್ನೂ ನಂಬಿದವನಲ್ಲ. ದೂರು ಹೇಳುತ್ತಿಲ್ಲ; ನಂಬದಿರುವುದೇ ಅವನ ಕಸುಬಾಗಿತ್ತು. ಮುಧೋಳ ತಾಲ್ಲೂಕಿನ ರನ್ನ ಬೆಳಗಲಿಯಲ್ಲಿ ನಲವತ್ತು ವರ್ಷ ಎತ್ತಿನ ದಲ್ಲಾಳಿಯಾಗಿದ್ದವನು ಜನರ ಮಾತು ನಂಬಿಕೊಂಡು ಕೂತಿದ್ದರೆ ನಾವು ಉಪವಾಸ ಬೀಳುತ್ತಿದ್ದೆವು. ಮಾರುವವನು ಸೋಮಾರಿ ಎತ್ತಿಗೆ ಸೆರೆ ಕುಡಿಸಿ ತರುತ್ತಾನೆ. ಬಡಕಲು ಎತ್ತಿಗೆ ಉಪ್ಪು ತಿನ್ನಿಸಿ, ಮೇಲೆ ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ, ಮೈ ತುಂಬಿದೆ ಎಂದು ತೋರಿಸುತ್ತಾನೆ. ಕುಂಟುವುದನ್ನು ಕೆಸರಿನಲ್ಲಿ ನಿಲ್ಲಿಸುತ್ತಾನೆ. ಅಪ್ಪ ಇದನ್ನೆಲ್ಲ ನಲವತ್ತು ಹೆಜ್ಜೆ ದೂರದಿಂದ ಹಿಡಿಯುತ್ತಿದ್ದ. “ನಿಂತ ಎತ್ತು ಸುಳ್ಳ ಹೇಳತೈತಿ, ನಡಿಯೂ ಎತ್ತು ಹೇಳೂದಿಲ್ಲ” ಎನ್ನುತ್ತಿದ್ದ. ಎತ್ತನ್ನು ಒಣ ನೆಲದ ಮೇಲೆ ಹತ್ತು ಹೆಜ್ಜೆ ನಡೆಸದೆ ಅದರ ಹಲ್ಲು ಮುಟ್ಟುತ್ತಿರಲಿಲ್ಲ.

ಮನೆಯಲ್ಲೂ ಅದೇ ಬುದ್ಧಿ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನನಗೆ ತೊಂಬತ್ನಾಲ್ಕು ಬಂದಾಗ ಊರೆಲ್ಲ ಶಾಬಾಸ್ ಅಂದರೆ ಅಪ್ಪ ಮಾತ್ರ, “ಯಾರದ ನೋಡಿ ಬರದಿ?” ಎಂದು ಕೇಳಿದ. ಮುಂದೆ ನನ್ನನ್ನು ನೋಡಲು ಸಂಜಯ ಬಂದ ದಿನ, “ನಮ್ಮ ಹಿತ್ತಲದಾಗ ಬಾವಿ ಐತಿ, ಒಂದೀಟ ನೋಡಿ ಬರ್ರಿ” ಎಂದು ಅವನನ್ನು ಕಳಿಸಿ, ಹಿಂದೆ ನಿಂತು ನಡಿಗೆ ಪರೀಕ್ಷೆ ಮಾಡಿದ. ಸಂಜಯ ಅದನ್ನು ಇವತ್ತಿಗೂ ಎತ್ತಿ ಆಡುತ್ತಾನೆ. ಆ ಬಾವಿಯಲ್ಲಿ ಹನಿ ನೀರೂ ಇರಲಿಲ್ಲವಂತೆ.

ನಾನು ಅವನ ಒಬ್ಬಳೇ ಮಗಳು, ದಾನೇಶ್ವರಿ. ರಬಕವಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಉತ್ತರ ಪತ್ರಿಕೆಯನ್ನು ಕೊನೆಯ ಪುಟದಿಂದ ತಿದ್ದುತ್ತೇನೆ, ಯಾಕೆಂದರೆ ನಕಲು ಮಾಡಿದವರು ಕೊನೆಗೆ ಬರುವಷ್ಟರಲ್ಲಿ ದಣಿದು ಸಿಕ್ಕಿಬೀಳುತ್ತಾರೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ನನ್ನದೂ ಹಾಗೆಯೇ.

ದನದ ಸಂತೆಯ ವ್ಯಾಪಾರ ಬಾಯಿಂದ ಆಗುವುದಿಲ್ಲ, ಕೈಯಿಂದ ಆಗುತ್ತದೆ. ಮಾರುವವನ ಕಡೆಯ ದಲ್ಲಾಳಿ ಮತ್ತು ಕೊಳ್ಳುವವನ ಕಡೆಯ ದಲ್ಲಾಳಿ ಎದುರುಬದುರು ನಿಂತು, ಹೆಗಲ ಟವೆಲ್ಲನ್ನು ಕೈಗಳ ಮೇಲೆ ಹೊದಿಸುತ್ತಾರೆ. ಒಳಗೆ ಒಬ್ಬನು ಇನ್ನೊಬ್ಬನ ಎಷ್ಟು ಬೆರಳು ಹಿಡಿಯುತ್ತಾನೋ ಅಷ್ಟು ಬೆಲೆ. ಒಪ್ಪಿಗೆಯಾದರೆ ಹೆಬ್ಬೆರಳಿನಿಂದ ಅಂಗೈ ಒತ್ತಬೇಕು. ಒಲ್ಲೆ ಎಂದರೆ ಕೈ ಬಿಟ್ಟುಬಿಡಬೇಕು. ಸುತ್ತ ನೂರು ಜನ ನಿಂತಿದ್ದರೂ ಒಳಗಿನ ಮಾತು ಆ ಇಬ್ಬರಿಗೇ ಗೊತ್ತು. ಟವೆಲ್ಲಿನ ಕೆಳಗೆ ಏನು ನಡೆಯಿತೆಂದು ಮೂರನೆಯವನಿಗೆ ಹೇಳಿದ ದಲ್ಲಾಳಿಯ ಜೊತೆ ಆಮೇಲೆ ಯಾರೂ ಕೈ ಹಿಡಿಯುವುದಿಲ್ಲ. ಹೆಣ್ಣುಮಕ್ಕಳಿಗಂತೂ ಆ ಭಾಷೆಯನ್ನು ಕಲಿಸುವುದೇ ಇಲ್ಲ. ನಾನು ಚಿಕ್ಕವಳಿದ್ದಾಗ ಕೇಳಿದ್ದೆ, ಅಪ್ಪ ನಕ್ಕುಬಿಟ್ಟಿದ್ದ.

ಎದುರಿನ ಕೈ ಹೆಚ್ಚಾಗಿ ಗಂಗಾರಾಮ ಕಾಕಾನದು. ಮಹಾಲಿಂಗಪುರದ ದಲ್ಲಾಳಿ, ಅಪ್ಪನಿಗಿಂತ ಎರಡು ವರ್ಷ ಚಿಕ್ಕವನು. ಮೂವತ್ತು ವರ್ಷ ಇಬ್ಬರೂ ಒಬ್ಬರ ಬೆರಳು ಒಬ್ಬರು ಹಿಡಿದಿದ್ದಾರೆ, ಒಬ್ಬರ ಮನೆಯಲ್ಲಿ ಒಬ್ಬರು ಊಟ ಮಾಡಿದ್ದು ನಾಲ್ಕು ಸಲವೂ ಇರಲಿಕ್ಕಿಲ್ಲ. ಕಾಲುವೆ ನೀರು ಬಂದು ಎಲ್ಲ ಕಡೆ ಕಬ್ಬಾಗಿ, ಕಬ್ಬಿನ ಹಿಂದೆ ಟ್ರ್ಯಾಕ್ಟರ್ ಬಂದು, ಸಂತೆಗೆ ಬರುವ ಎತ್ತುಗಳು ಅರ್ಧಕ್ಕರ್ಧ ಇಳಿದ ಮೇಲೆ ಇಬ್ಬರೂ ಇನ್ನಷ್ಟು ಬಿಗಿಯಾದರು.

2017ರ ದಸರಾ ರಜೆ. ನಾನು ತವರಿಗೆ ಬಂದಿದ್ದೆ. ಅಪ್ಪ ಮಧ್ಯಾಹ್ನದ ಸಂತೆ ಮುಗಿಸಿ ಸಂಜೆ ಬಂದವನು ಹೊಸ್ತಿಲ ಹೊರಗಿಂದಲೇ ಕೂಗಾಡತೊಡಗಿದ.

“ಗಂಗಾರಾಮ ಮೋಸ ಮಾಡಿದ! ತುಬಚಿಯಾಂವ ಮಾರಾಕ ತಂದ ಜೋಡೆತ್ತಿಗೆ ನಾ ಐದೂ ಬೆರಳ ಹಿಡದಿದ್ದೆ. ಮೂರ ಹಿಡದಿ ಅಂತಂದು, ಎಲ್ಲಾರ ಮುಂದ ‘ಆತು’ ಅಂದಬಿಟ್ಟ. ಸಂತ್ಯಾಗ ನಿಂತ ಹೇಳಿ ಬಂದೇನಿ, ಅಂವ ಕಳ್ಳ ಅಂತ.”

“ಆತು” ಎಂದರೆ ಆಯಿತು. ಅದನ್ನು ಯಾರೂ ಹಿಂದೆ ತಿರುಗಿಸುವುದಿಲ್ಲ. ಅವ್ವ ಮಾದೇವಿ, “ಹೋಗ್ಲಿ ಬಿಡ್ರಿ, ಕೈಕಾಲ ತೊಳಕೋರಿ” ಎಂದಳು. ನನಗೆ ಮಾತ್ರ ಮೈ ಉರಿಯಿತು. ಕಳ್ಳತನವನ್ನು ಟವೆಲ್ಲಿನ ಕೆಳಗೆ ಮಾಡಿದರೆ ಸಾಕ್ಷಿ ಎಲ್ಲಿಂದ ತರುವುದು?

ಊಟಕ್ಕೆ ಕೂತಾಗ ಅಪ್ಪ ರೊಟ್ಟಿ ಮುರಿಯಲಿಲ್ಲ. “ಹಾಲಾಗ ಮುರದ ಕೊಡ, ಚಮಚಾ ತಾ” ಎಂದ. ಚಮಚವನ್ನು ಎಡಗೈಯಲ್ಲಿ ಹಿಡಿದ. ಮಾತೂ ತುಸು ದಪ್ಪಗಿತ್ತು. ಕೇಳಿದರೆ ಬಾಯಲ್ಲಿ ತಂಬಾಕು ಅಂದ. ನಾನು ನೀರು ಕೊಡುವ ನೆವದಲ್ಲಿ ಬಗ್ಗಿ ವಾಸನೆ ನೋಡಿದೆ. ಹೌದು, ನನ್ನ ಅನುಮಾನ ಅಲ್ಲಿಗೇ ಹೋಯಿತು: ಸಿಟ್ಟಿನಲ್ಲಿ ಎಲ್ಲೋ ಕುಡಿದು ಬಂದಿದ್ದಾನೆ. ವಾಸನೆ ಬರಲಿಲ್ಲ. ಆದರೂ ನಾನು ಬಿಡಲಿಲ್ಲ, ಏಲಕ್ಕಿ ಜಗಿದಿರಬೇಕು ಅಂದುಕೊಂಡು ಮುಖ ಗಂಟು ಹಾಕಿಕೊಂಡು ಮಲಗಿದೆ. ಈ ಒಂದು ವಿಷಯಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವನ ಕೈಯಿಂದ ಚಹಾದ ಬಟ್ಟಲು ಬಿತ್ತು. ನೋಡಿದರೆ ಬಾಯಿ ಎಡಕ್ಕೆ ಎಳೆದಿತ್ತು. ಅವ್ವ ಚೀರಿದಳು. ಅರ್ಧ ಗಂಟೆಯಲ್ಲಿ ಬಾಯಿ ತಿರುಗಿ ಮೊದಲಿನಂತಾಯಿತು, ಮಾತು ಬಂದರೂ ತೊದಲುತ್ತಿತ್ತು. “ಏನೂ ಆಗಿಲ್ಲ, ಪಿತ್ತ” ಎಂದು ಅಪ್ಪ ರೇಗಿದ. ಮುಧೋಳದ ಡಾಕ್ಟರು ನೋಡಿ, “ಲಕ್ವಾ. ಸಣ್ಣದೈತಿ, ಆದ್ರ ನಂಬಬ್ಯಾಡ್ರಿ. ಈಗಿಂದೀಗ ಬೆಳಗಾವಿಗೆ ಒಯ್ಯಿರಿ” ಎಂದರು. ಸಂಜಯ ಕಾರು ಓಡಿಸಿದ. ಹನ್ನೆರಡೂವರೆಗೆ ನಾವು ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿದ್ದೆವು.

ಅಲ್ಲಿಯ ಮೆದುಳಿನ ಡಾಕ್ಟರು ಪರಮಾನಂದ ಎನ್ನುವವರು. ನಮ್ಮ ಕಡೆಯವರೇ, ನಮ್ಮ ಮಾತೇ. ಅವರು ಕೇಳಿದ ಮೊದಲ ಪ್ರಶ್ನೆ ರೋಗದ್ದಲ್ಲ, ಹೊತ್ತಿನದು.

“ಯಾವಾಗ ಸುರು ಆತು? ಕರೆಕ್ಟ್ ಟೈಮ್ ಹೇಳ್ರಿ.”

“ಬೆಳಿಗ್ಗೆ ಒಂಬತ್ತಕ್ಕರಿ” ಎಂದೆ.

“ಹಂಗಾರ ಇನ್ನೂ ಹೊತ್ತೈತಿ. ರಕ್ತದ ಗಡ್ಡಿ ಕರಗಿಸೂ ಇಂಜೆಕ್ಷನ್ ಕೊಡಬಹುದು. ನಾಕೂವರಿ ತಾಸಿನ ಒಳಗಿದ್ರ ಔಷಧ. ಹೊತ್ತ ಮೀರಿದ್ರ ಮೆದುಳಿನ್ಯಾಗ ರಕ್ತ ಸೋರಬಹುದು.”

ಆಮೇಲೆ ಅವರು ತಮ್ಮ ಎರಡೆರಡು ಬೆರಳನ್ನು ಅಪ್ಪನ ಎರಡೂ ಅಂಗೈಯಲ್ಲಿಟ್ಟು, “ಒತ್ತಿ ಹಿಡೀರಿ ಅಜ್ಜಾರ, ಎಷ್ಟ ಜೋರಾಗ್ತೈತಿ ಅಷ್ಟ” ಎಂದರು. ಆಗ ಅಪ್ಪನ ಮುಖ ನೋಡಬೇಕಿತ್ತು. ಕಣ್ಣು ಚುರುಕಾದವು. ಕೈ ನೋಡದೆ ಡಾಕ್ಟರ ಮುಖವನ್ನೇ ನೋಡತೊಡಗಿದ. ಅಂಗೈಯಲ್ಲಿ ಯಾರೋ ಬೆರಳಿಟ್ಟಿದ್ದಾರೆ ಅಂದರೆ ವ್ಯಾಪಾರ ಸುರುವಾಯಿತು ಎಂದೇ ಅವನ ತಿಳಿವಳಿಕೆ. ವ್ಯಾಪಾರದಲ್ಲಿ ನಮ್ಮ ಹುಳುಕನ್ನು ಎದುರಿನವನಿಗೆ ತೋರಿಸುವುದುಂಟೇ?

“ಎರಡೂ ಕೈ ಸಮ ಅದಾವು. ವಯಸ್ಸಿಗೆ ತಕ್ಕಂಗ ಸ್ವಲ್ಪ ಬಲ ಕಮ್ಮಿ, ಅಷ್ಟ” ಎಂದು ಡಾಕ್ಟರು ಬರೆಸಿದರು.

ಅಷ್ಟರಲ್ಲಿ ನನ್ನ ಚೀಲದಲ್ಲಿದ್ದ ಅಪ್ಪನ ಫೋನು ಹೊಡೆದುಕೊಂಡಿತು. ಗಂಗಾರಾಮ. ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್ ಮಾಡಿದೆ. ಹುಣ್ಣಿಗೆ ಉಪ್ಪು ಸವರಲು ಇದೇ ಹೊತ್ತು ಬೇಕಿತ್ತೇ ಇವನಿಗೆ? ಮೂರನೆಯ ಸಲ ಬೈದೇ ಬಿಡೋಣ ಎಂದು ಎತ್ತಿದೆ.

“ದಾನವ್ವಾ, ಫೋನ್ ಇಡಬ್ಯಾಡ, ಕೇಳ” ಎಂದ ಅವನು. “ಅಣ್ಣಗ ಲಕ್ವಾ ಹೊಡದೈತಿ ಅಂತ ಈಗ ಗೊತ್ತಾತು. ಅದು ಇವತ್ತಿಂದಲ್ಲವ್ವಾ. ನಿನ್ನಿ ಮಧ್ಯಾಹ್ನದಾಗ ಅಂವನ ಕೈ ಸೋತಿತ್ತು. ಕಡೀ ಎರಡ ಬೆರಳ ಬಿಗೀಲಿಲ್ಲ. ಡಾಕ್ಟರಗ ಹೇಳ.”

ನನಗೆ ತಟ್ಟನೆ ಹೊಳೆದದ್ದು ಒಂದೇ: ಎಂಥ ಚಾಲಾಕಿ! ಅಪ್ಪನ ಕೈ ಸೋತಿತ್ತು ಅಂತಾದರೆ ಇವನು ಕಳ್ಳನಲ್ಲ ಅಂತಾಯಿತು. ತನ್ನ ಹೆಸರು ತೊಳೆದುಕೊಳ್ಳಲು ನನ್ನ ಅಪ್ಪನ ಔಷಧ ತಪ್ಪಿಸುತ್ತಿದ್ದಾನೆ. ಫೋನಿಟ್ಟೆ. ಆದರೂ ಮನಸ್ಸು ತಡೆಯದೆ ಅಪ್ಪನನ್ನು ಕೇಳಿದೆ.

“ಅಪ್ಪಾ, ನಿನ್ನೆ ಸಂತ್ಯಾಗ ಕೈ ಸೋತಿತ್ತೇನ?”

“ಯಾರಂದ್ರು? ಅಂವನಾ? ಇಲ್ಲ. ನನ್ನ ಕೈಗೆ ಏನಾಗೇತಿ?” ಎಂದ. ನರ್ಸು ಇಂಜೆಕ್ಷನ್ನಿನ ಪೆಟ್ಟಿಗೆ ಒಡೆಯುತ್ತಿದ್ದಳು.

ಒಂದು ಕಡೆ ಹೆತ್ತ ಅಪ್ಪನ ಮಾತು, ಇನ್ನೊಂದು ಕಡೆ ಕಳ್ಳನ ಮಾತು. ಯಾರದು ಖರೆ? ಅಪ್ಪನದು ಖರೆಯಾಗಿದ್ದು ಇಂಜೆಕ್ಷನ್ ತಪ್ಪಿಸಿದರೆ ರೋಗ ಬಲಿತು ಕೈಕಾಲು ಹೋಗಬಹುದು. ಗಂಗಾರಾಮನದು ಖರೆಯಾಗಿದ್ದು ಇಂಜೆಕ್ಷನ್ ಕೊಟ್ಟರೆ ಜೀವವೇ ಹೋಗಬಹುದು. ಆಗ ಹಿಂದಿನ ರಾತ್ರಿಯ ಹಾಲುರೊಟ್ಟಿ, ಎಡಗೈಯ ಚಮಚ ಕಣ್ಣ ಮುಂದೆ ಬಂದವು.

“ಸಾಹೇಬರ, ನಿಲ್ಲಸ್ರಿ!” ಎಂದೆ. “ನಮ್ಮಪ್ಪ ಕೂತಲ್ಲೆ ಸುಳ್ಳ ಹೇಳತಾನ. ನಡಸಿ ನೋಡ್ರಿ.”

ಡಾಕ್ಟರು ನನ್ನನ್ನು ವಿಚಿತ್ರವಾಗಿ ನೋಡಿದರು, ಆದರೆ ನಡೆಸಿದರು. ಎಂಟು ಹೆಜ್ಜೆ. ಬಲಗಾಲಿನ ಬೆರಳು ಫರಸಿಗೆ ಒರೆಯುತ್ತಿತ್ತು. ಆಮೇಲೆ ಎಡಗೈಯನ್ನೊಂದೇ ಹಿಡಿದು, ಹುಸಿನಗೆ ನಗುತ್ತ, “ಅಜ್ಜಾರ, ಜವಾನಿಯೊಳಗ ಗರಡಿ ಸಾಧನಾ ಮಾಡಿದಂಗ ಕಾಣಸ್ತದ” ಎಂದು ಕೆಣಕಿದರು. ಅಪ್ಪ ಹುರುಪಿಗೆ ಬಿದ್ದು ಬೆರಳು ಮುರಿಯುವ ಹಾಗೆ ಹಿಚುಕಿದ. ಗುಟ್ಟು ಬಯಲಾಯಿತು. ಜೋಡಿಯಲ್ಲಿ ಒಂದು ಎತ್ತು ಕುಂಟಿದರೆ ಮಾರುವವನು ಒಳ್ಳೆಯದರ ಹಗ್ಗ ಜಗ್ಗಿ ಅದನ್ನೂ ನಿಧಾನ ನಡೆಸುತ್ತಾನೆ, ಎರಡೂ ಸಮ ಕಾಣಲಿ ಎಂದು. ಅಪ್ಪ ತನ್ನ ಗಟ್ಟಿ ಕೈಗೆ ಅದನ್ನೇ ಮಾಡಿದ್ದ.

ಎಡಗೈಯ ಚಮಚವನ್ನೂ ಗಂಗಾರಾಮನ ಫೋನನ್ನೂ ಹೇಳಿದೆ; ಹಿಂದಿನ ಮಧ್ಯಾಹ್ನದಿಂದ ಲೆಕ್ಕ ಹಾಕಿದರೆ ಹೊತ್ತು ಮೀರಿತ್ತು, ಇಂಜೆಕ್ಷನ್ ನಿಂತಿತು. ಸ್ಕ್ಯಾನಿನಲ್ಲಿ ಮೆದುಳಿನ ಎಡಭಾಗದ ದೊಡ್ಡ ರಕ್ತನಾಳದಲ್ಲಿ ರಕ್ತದ ಗಡ್ಡೆ ಕಂಡಿತು. ಇನ್ನೂ ಸ್ವಲ್ಪ ರಕ್ತ ಸಂದಿಯಲ್ಲಿ ಹರಿಯುತ್ತಿರುವುದರಿಂದ ರೋಗ ಸಣ್ಣದಾಗಿದೆ, ಬಲಿಯದಂತೆ ಕಾಯುತ್ತೇವೆ ಎಂದು ಮಲಗಿಸಿದರು. ಅಪ್ಪ ನನ್ನ ಕಡೆ ನೋಡಲೇ ಇಲ್ಲ. ಮಗಳು ತನ್ನನ್ನು ಸಂತೆಯಲ್ಲಿ ಎತ್ತು ನಡೆಸಿದಂತೆ ನಡೆಸಿದಳು ಎಂಬ ಸಿಟ್ಟು.

ಸಂಜೆ ಐದಕ್ಕೆ ರೋಗ ಬಲಿಯಿತು. ನಾವು ನೋಡುನೋಡುತ್ತಿದ್ದಂತೆ ಬಲಗೈ ಹಾಸಿಗೆಯ ಮೇಲೆ ಬಿದ್ದುಕೊಂಡಿತು, ಕಾಲು ಭಾರವಾಯಿತು, ಮಾತು ನಿಂತಿತು. ಬಾಯಿ ತೆಗೆಯುತ್ತಾನೆ, ಶಬ್ದವಿಲ್ಲ. ಡಾಕ್ಟರು ನನ್ನನ್ನೂ ಅವ್ವನನ್ನೂ ಕರೆದು ಕೂರಿಸಿದರು. ಪಕ್ಕದಲ್ಲಿ ಪ್ರತಿಮಾ ಎಂಬ ಹುಡುಗಿ, ಕೈಯಲ್ಲಿ ನಾವು ಸಹಿ ಮಾಡಬೇಕಾದ ಕಾಗದಗಳು.

“ತಲಿ ಕೊಯ್ಯದಂಗ ಗಡ್ಡಿ ತಗಿಯೂ ಒಂದು ದಾರಿ ಐತಿ” ಎಂದರು. “ತೊಡಿ ಸಂದ್ಯಾಗಿನ ರಕ್ತನಾಳದಾಗ ಶಾವಗಿಯಷ್ಟ ಸಣ್ಣ ಕೊಳವಿ ಹಾಕಿ, ಮ್ಯಾಲ ಮೆದುಳತನಕ ಒಯ್ದು, ಗಡ್ಡಿ ಹಿಡದು ಎಳಕೊಂಡ ಬರೂದು. ದೊಡ್ಡ ಲಕ್ವಾ ಹೊಡದವರಿಗೆ ಅದರಿಂದ ಛಲೋ ಆಗತೈತಿ, ಗೊತ್ತಾಗೇತಿ. ಆದ್ರ ಸಣ್ಣದಾಗಿ ಸುರುವಾಗಿ, ಆಮ್ಯಾಲ ಬಲಿಯೂ ಲಕ್ವಾಕ್ಕ ಅದು ಛಲೋನೋ, ಬರೀ ಔಷಧ ಛಲೋನೋ, ಇನ್ನೂ ಯಾರಿಗೂ ಗೊತ್ತಿಲ್ಲ. ಎಳಿಯೂ ಮುಂದ ನಾಳ ಹರೀಬಹುದು. ಅದನ್ನ ತಿಳಕೊಳ್ಳಾಕ ನಾವು ಪರೀಕ್ಷಾ ನಡಸೇವಿ. ಅರ್ಧ ಮಂದಿಗೆ ಔಷಧದ ಜೋಡಿ ಕೊಳವಿ, ಅರ್ಧ ಮಂದಿಗೆ ಬರೀ ಔಷಧ. ಬಲಿತ ಹೊತ್ತಿನಿಂದ ಲೆಕ್ಕ, ಹಂಗಾಗಿ ನಿಮ್ಮಪ್ಪ ಇದರಾಗ ಸೇರಬಹುದು.”

“ಯಾರಿಗೆ ಯಾವುದಂತ ಹೇಳಾವ್ರು ಯಾರು? ನೀವಾ?”

“ನಾ ಅಲ್ಲ. ಕಂಪ್ಯೂಟರ್ ಆರಿಸತೈತಿ. ಚೀಟಿ ಎತ್ತಿದಂಗ.”

ಚೀಟಿ! ಚೀಟಿಯ ಮೂಲೆ ಮಡಿಸಿ ಗುರುತು ಮಾಡುವುದನ್ನು ನಾನು ನೋಡದೆ ಇದ್ದೇನೆಯೇ? “ಅಂದ್ರ ನಮ್ಮಪ್ಪನ ಮ್ಯಾಲ ಪ್ರಯೋಗ ಮಾಡಾಕತ್ತೀರಿ, ಹೌದಲ್ರಿ?” ಎಂದು ಜೋರಾಗಿಯೇ ಕೇಳಿದೆ.

“ಹೌದ್ರಿ. ಪ್ರಯೋಗನ” ಎಂದರು.

ನಾನು ಮುಂದಿನ ನಾಲ್ಕು ಪ್ರಶ್ನೆಗಳನ್ನು ಅವರು ಅಲ್ಲ ಎನ್ನುತ್ತಾರೆಂದು ಕಟ್ಟಿಕೊಂಡಿದ್ದೆ. ಹೌದು ಎಂದವರನ್ನು ಹೇಗೆ ಹಿಡಿಯುವುದು? ಸಹಿ ಮಾಡದಿದ್ದರೆ ಏನು ಎಂದೆ. ಎಲ್ಲರಿಗೂ ಕೊಡುವ ಔಷಧ ಕೊಡುತ್ತೇವೆ, ಕೂದಲಷ್ಟೂ ಕಡಿಮೆ ಮಾಡುವುದಿಲ್ಲ ಎಂದರು.

ಅವ್ವ ನನ್ನ ಸೆರಗು ಜಗ್ಗಿದಳು. “ಸೈ ಮಾಡಬ್ಯಾಡ. ನಮ್ಮೂರಾಗೂ ಮೊದಲ ಕಾಗದದ ಮ್ಯಾಲ ಸೈ ತಗೊಂಡ್ರು. ಆಮ್ಯಾಲ ನೀರ ಬಂತು.” ಅವಳ ತವರು ಬೀಳಗಿ ತಾಲ್ಲೂಕಿನದು, ಆಲಮಟ್ಟಿಯ ಹಿನ್ನೀರಿನಲ್ಲಿ ಹೋಯಿತು. ಅವಳಪ್ಪ ಹೆಬ್ಬೆಟ್ಟು ಒತ್ತಿದ ದಿನ ಅವಳು ಪಕ್ಕದಲ್ಲೇ ಇದ್ದಳು.

“ಅಜ್ಜಾರಗೂ ಕೇಳೋಣ. ಅವರಿಗೆ ತಿಳಿತೈತಿ, ಹೇಳಾಕ ಬರವಲ್ದು ಅಷ್ಟ” ಎಂದರು ಡಾಕ್ಟರು. ಅಪ್ಪನಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಒಪ್ಪುತ್ತೀರಾ ಎಂದರೆ ಗೋಣು ಹಾಕಿದ. ಬ್ಯಾಡವಾ ಎಂದರೂ ಗೋಣು ಹಾಕಿದ. ಆಮೇಲೆ ಮುಖ ಗೋಡೆಗೆ ತಿರುಗಿಸಿದ. ಡಾಕ್ಟರು ಗಡಿಯಾರ ನೋಡಿದರು.

ಆಗ ಬಾಗಿಲಲ್ಲಿ ಗಂಗಾರಾಮ ಕಾಕಾ ನಿಂತಿದ್ದ. ಬಸ್ಸಿನ ಧೂಳು ಮೈತುಂಬ. ಎಲ್ಲ ಕೇಳಿಸಿಕೊಂಡಿದ್ದನೆಂದು ಕಾಣುತ್ತದೆ. “ಅಂವ ಎಲ್ಲಾರ ಮುಂದ ಹೇಳೂದಿಲ್ಲರಿ ಸಾಹೇಬರ” ಎಂದು ಮಂಚದ ಹತ್ತಿರ ಬಂದ. ಅಪ್ಪನ ಎಡಗೈಯ ಮೇಲೆ ತನ್ನ ಟವೆಲ್ಲು ಹಾಸಿ, ಒಳಗೆ ಕೈಯಿಟ್ಟ. ಬಗ್ಗಿ, “ಅಣ್ಣಾ, ಚೀಟಿ ಎತ್ತಸ್ತಾರಂತ. ಏನ ಮಾಡೂದು?” ಎಂದ. ಅಪ್ಪನ ಕಣ್ಣು ಗೋಡೆ ಬಿಟ್ಟು ಇವನ ಕಡೆ ಬಂದವು. ಬಟ್ಟೆ ಒಂದಿಷ್ಟು ಅಲುಗಾಡಿತು.

“ಒಪ್ಪ್ಯಾನ” ಎಂದ ಗಂಗಾರಾಮ.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿನ್ನೆ ಕಳ್ಳ ಎನಿಸಿಕೊಂಡವನು, ಯಾರಿಗೂ ಕಾಣದ ಜಾಗದಲ್ಲಿ ಕೈಯಿಟ್ಟು, ಅಪ್ಪ ಹೀಗೆಂದ ಎನ್ನುತ್ತಾನೆ. ನಾನು ನಂಬಿ ಸಹಿ ಮಾಡಬೇಕು!

“ಖರೆ ಹೇಳ ಕಾಕಾ” ಎಂದೆ. “ನಿನ್ನೆ ಮೂರಂದಿ, ಇವತ್ತ ಒಪ್ಪ್ಯಾನಂತಿ. ನಾ ಹೆಂಗ ನಂಬಲಿ?”

ಅವನು ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡ. “ನಿನ್ನಿ ಅಂವ ಐದ ಹಿಡಿಯಾಕ ಹೋಗಿದ್ದ. ಎರಡ ಜಾರಿದ್ವು. ಮೂವತ್ತ ವರ್ಷದ ಕೈ, ನನಗ ಗೊತ್ತಾಗಲಿಲ್ಲೇನು? ಗೊತ್ತಾಗೇ ‘ಆತು’ ಅಂದೆ. ಅಂವಗೂ ಜಾರಿದ್ದ ಗೊತ್ತಿತ್ತು. ಕೈ ಸೋತೈತಿ ಅನ್ನೂಕಿಂತ ನನ್ನ ಕಳ್ಳ ಅನ್ನೂದ ಅಂವಗ ಹಗರಾತು. ಆವಾಗ ನಾ ಬಾಯಿ ಬಿಟ್ಟಿದ್ರ ನಿನ್ನಿನ ಇಲ್ಲಿಗೆ ಬರತಿದ್ರಿ. ಮೋಸ ಮಾಡೇನಿ ದಾನವ್ವ. ಆದ್ರ ಈಗ ಅಂವ ಹೆಬ್ಬೆರಳ ಒತ್ಯಾನ, ಇದು ಖರೆ.”

ತಾನು ಮೋಸ ಮಾಡಿದೆ ಎಂದು ಒಪ್ಪಿದವನ ಮಾತನ್ನು ನಾನು ಅವತ್ತು ನಂಬಿದೆ. ಅವ್ವ ಮುಖ ಮುಚ್ಚಿಕೊಂಡಳು. ನಾನು ಸಹಿ ಮಾಡಿದೆ. ಮಾಡಿ, “ಕಂಪ್ಯೂಟರ್ ಒತ್ತೂ ಮುಂದ ನಾ ಬಾಜೂಕ ನಿಂದರತೇನಿ” ಎಂದೆ. ಪ್ರತಿಮಾ ಬೇಡವೆನ್ನಲಿಲ್ಲ. ಅವಳು ಅಪ್ಪನ ವಯಸ್ಸು, ರೋಗದ ಅಂಕ ತುಂಬಿ ಒತ್ತಿದಳು. ಪರದೆಯ ಮೇಲೆ ಒಂದೇ ಸಾಲು ಬಂತು.

ಬರೀ ಔಷಧ.

ನನ್ನ ತಲೆ ಕೆಟ್ಟಿತು. ಇನ್ನೊಮ್ಮೆ ಒತ್ತು ಎಂದೆ. ಆಗುವುದಿಲ್ಲ ಎಂದಳು. ಶ್ರೀಮಂತರಿಗೆ ಕೊಳವೆ, ನಮಗೆ ಗುಳಿಗೆ ಎಂದು ಕೂಗಾಡಿದೆ. ಹೊರಗೆ ಜನ ಸೇರಿದರು. ಪ್ರತಿಮಾ ನನ್ನ ಕೈ ಹಿಡಿದು, “ಅಕ್ಕಾರ, ಕೊಳವಿ ಬಂದಿದ್ರ ನಾಳ ಹರದೀತಂತ ಅಳತಿದ್ರಿ. ಯಾವುದ ಛಲೋ ಅಂತ ನನಗೂ ಗೊತ್ತಿಲ್ರಿ” ಎಂದಳು. ಹತ್ತು ವರ್ಷ ಮಕ್ಕಳಿಗೆ ಸಂಭವನೀಯತೆಯ ಪಾಠ ಹೇಳಿದವಳು ನಾನು. ನಾಣ್ಯಕ್ಕೆ ದ್ವೇಷವಿಲ್ಲ ಎಂದು ಬೋರ್ಡಿನ ಮೇಲೆ ಬರೆದವಳು. ನನ್ನ ಅಪ್ಪನೇ ನಾಣ್ಯದ ಒಂದು ಬದಿಯಾದಾಗ ಆ ಪಾಠ ಒಂದು ಚೂರೂ ನೆನಪಿಗೆ ಬರಲಿಲ್ಲ.

ಔಷಧ ನಡೆಯಿತು. ಕೊಡಬೇಕಾದದ್ದು ಒಂದೂ ತಪ್ಪಿಲ್ಲ ಎಂಬುದು ನನಗೆ ಗೊತ್ತು, ಏಕೆಂದರೆ ಪ್ರತಿ ಬಾಟಲಿಯ ಹೆಸರನ್ನೂ ಹೊತ್ತನ್ನೂ ಬರೆದಿಟ್ಟುಕೊಂಡಿದ್ದೇನೆ. ನಾಲ್ಕನೆಯ ದಿನ ಕಾಲು ಅಲುಗಿತು. ಎಂಟನೆಯ ದಿನ “ನೀರ” ಎಂದ. ಹನ್ನೆರಡನೆಯ ದಿನ ಊರಿಗೆ ಬಂದೆವು.

ಊರಲ್ಲಿ ಗಂಗಾರಾಮನ ಕಥೆ ಕೆಟ್ಟಿತ್ತು. ತುಬಚಿಯವನಿಗೆ ಅವನು ತಾನಾಗಿಯೇ ಹೋಗಿ ಎರಡು ಬೆರಳಿನ ಹಣ ಕೊಟ್ಟು ಸರಿ ಮಾಡಿದ್ದ. ಆದರೆ ಜನ ಅದನ್ನೇ ಹಿಡಿದರು: ಕದ್ದಿರದಿದ್ದರೆ ಯಾಕೆ ಕೊಟ್ಟ? ಸಂತೆಯಲ್ಲಿ ಯಾರೂ ಅವನ ಜೊತೆ ಟವೆಲ್ಲು ಹಾಸುತ್ತಿರಲಿಲ್ಲ. ಅಣ್ಣನ ಕೈ ಸೋತಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದವನು ಸಂತೆಯಲ್ಲಿ ಹೇಳಲಿಲ್ಲ. ಸೋಮವಾರಕ್ಕೊಮ್ಮೆ ಬಂದು ನಮ್ಮ ಕಟ್ಟೆಯ ಮೇಲೆ ಕೂತು ಹೋಗುತ್ತಿದ್ದ. ಅಪ್ಪನೂ ಆ ಮಾತು ಎತ್ತಲಿಲ್ಲ. ಕೋಲೂರಿ ನಡೆಯುತ್ತಿದ್ದ, ನಿಧಾನವಾಗಿ ಮಾತಾಡುತ್ತಿದ್ದ. ಯಾರಾದರೂ ಕೇಳಿದರೆ, “ಆರಾಮ. ಯುಗಾದಿಗೆ ಸಂತಿಗೆ ಬರತೇನಿ” ಎನ್ನುತ್ತಿದ್ದ. ಬಲಗೈಯನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೇ ಇರುತ್ತಿದ್ದ.

ಪ್ರತಿಮಾ ಮೊದಲೇ ಹೇಳಿದ್ದಂತೆ, ಮೂರು ತಿಂಗಳಿಗೆ ಸರಿಯಾಗಿ ಆಸ್ಪತ್ರೆಯಿಂದ ಫೋನು ಬಂತು. ಒಂದು ಸೋಮವಾರ ಬೆಳಿಗ್ಗೆ ನಾನೂ ಊರಲ್ಲಿದ್ದೆ. ಕಟ್ಟೆಯ ಮೇಲೆ ಅಪ್ಪ, ಗಂಗಾರಾಮ ಕಾಕಾ, ಇನ್ನು ಸಂತೆಗೆ ವಾರವಾರ ಎತ್ತು ಹೊಡೆದುಕೊಂಡು ಹೋಗುವ ಪಕ್ಕದ ಮನೆಯ ಕಾಮಣ್ಣ. ಕಾಮಣ್ಣನ ಕಿವಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಮುಧೋಳ ಮುಟ್ಟುತ್ತದೆ.

ಮಾತಾಡಿದವಳು ಪ್ರತಿಮಾ ಅಲ್ಲ, ಬೇರೆ ಹೆಣ್ಣುಮಗಳು. “ನಿಮಗೆ ಕೊಳವಿ ಹಾಕಿದ್ರೋ ಇಲ್ಲೋ ನನಗ ಗೊತ್ತಿಲ್ರಿ, ನೀವೂ ಹೇಳಬ್ಯಾಡ್ರಿ. ರೋಗಿ ಈಗ ಹೆಂಗದಾರ, ಅದನ್ನ ಅಷ್ಟ ಹೇಳ್ರಿ. ಇದ್ದದ್ದ ಇದ್ದಂಗ.”

ಮೂರು ತಿಂಗಳು ನಾನು ಇದಕ್ಕೇ ಕಾದಿದ್ದೆ. ಕೆಟ್ಟುಹೋದ, ಮಲಗಿದಲ್ಲೇ ಇದ್ದಾನೆ, ನಿಮ್ಮ ಚೀಟಿ ನಮ್ಮನ್ನು ಹಾಳು ಮಾಡಿತು ಎಂದು ಹೇಳುವವಳಿದ್ದೆ. ಸುಳ್ಳೇ, ಗೊತ್ತು. ಗುಳಿಗೆಯ ಗುಂಪಿನ ಕಡೆ ಒಂದು ಕೆಟ್ಟ ಗುರುತು ಬೀಳಲಿ ಎಂಬ ಸೇಡು. ಬಾಯಿ ತೆಗೆಯುವಷ್ಟರಲ್ಲಿ ಅಪ್ಪ ಎಡಗೈ ಚಾಚಿ ಫೋನು ಕೇಳಿದ. ಅವನಿಗೆ ಮಾತಾಡಲು ಸಸಾರವಾಗಲೆಂದು ಸ್ಪೀಕರ್ ಹಾಕಿ ಕಟ್ಟೆಯ ಮೇಲಿಟ್ಟೆ. ಇವನು ಇನ್ನೊಂದು ಸುಳ್ಳು ಹೇಳುತ್ತಾನೆ, ಎಲ್ಲಾ ಆರಾಮ ಎನ್ನುತ್ತಾನೆ ಎಂದು ಹಲ್ಲು ಕಚ್ಚಿ ಕೂತೆ.

“ಅಜ್ಜಾರ, ನಡೀತೀರೇನು?”

“ಕೋಲ... ಹಿಡದು.”

“ಉಣ್ಣೂದು, ಅಂಗಿ ಹಾಕ್ಕೊಳ್ಳೂದು?”

“ಉಣ್ಣತೇನಿ. ಗುಂಡಿ... ಆಕಿ ಹಾಕತಾಳ.”

“ಮೊದಲ ಮಾಡತಿದ್ದ ಕೆಲಸ ಮಾಡಾಕ ಬರತೈತೇನ್ರಿ?”

ಅಪ್ಪ ಕಾಮಣ್ಣನನ್ನು ನೋಡಿದ. ಹೇಳಿದರೆ ಯುಗಾದಿಯೂ ಇಲ್ಲ, ಸಂತೆಯೂ ಇಲ್ಲ, ನಲವತ್ತು ವರ್ಷದ ಹೆಸರು ಸಂಜೆಯೊಳಗೆ ಮುಗಿಯುತ್ತದೆ. ಅದು ನನಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು. ಗಂಗಾರಾಮ ಕಾಕಾ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದ. ಆ ಹೆಣ್ಣುಮಗಳು ಮತ್ತೊಮ್ಮೆ ಕೇಳಿದಳು.

ಅಪ್ಪ ಕಿಸೆಯಿಂದ ಬಲಗೈ ತೆಗೆದು, ಎಲ್ಲರಿಗೂ ಕಾಣುವ ಹಾಗೆ ತೊಡೆಯ ಮೇಲಿಟ್ಟ. ಕಡೆಯ ಎರಡು ಬೆರಳು ಮಡಚಿಕೊಂಡೇ ಇದ್ದವು.

“ಇಲ್ಲ” ಎಂದ. “ಬರೂದಿಲ್ಲ. ಕೈ ಹೋಗೇತಿ. ತುಬಚಿಯಾಂವನ ಎತ್ತ... ಮಾರಿದ ದಿನಾನ ಹೋಗಿತ್ತು. ಗಂಗಾರಾಮ ಕಳ್ಳ ಅಂದೆ. ನಾ ಸುಳ್ಳ ಹೇಳಿದ್ದೆ.”

ಆ ಕಡೆಯವಳು ಮೆಲ್ಲಗೆ, “ಅಜ್ಜಾರ, ಅದು ನಮ್ಮ ಪ್ರಶ್ನಿಯೊಳಗ ಇಲ್ರಿ” ಎಂದಳು.

“ಇಲ್ಲದಿದ್ರೇನಾತು” ಎಂದ ಅಪ್ಪ. “ಬರಕೋ.”